ಸ್ವಲ್ಪ ತಾಳು ಎನ್ನಲು ಕಲಿತ ಪ್ರೋಗ್ರಾಂ

ಮಂಡ್ಯದ ಕಡೆಯ ಹಾಲಿನ ಡೈರಿಗಳಲ್ಲಿ ಬೆಳಗಿನ ಹೊತ್ತು ಯಾರಿಗೂ ನಿಂತು ಮಾತಾಡುವಷ್ಟು ಪುರುಸೊತ್ತಿರುವುದಿಲ್ಲ. ಹಾಲು ಸುರಿದರೆ ತೂಕದ ಯಂತ್ರ ಎಷ್ಟೆಂದು ಹೇಳುತ್ತದೆ, ಪಕ್ಕದ ಯಂತ್ರ ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟಲ್ಲದ ಘನಾಂಶ) ಹೇಳುತ್ತದೆ. ಎರಡನ್ನೂ ಓದಿಕೊಂಡು, ದರ ಕಟ್ಟಿ, ಚೀಟಿ ಮುದ್ರಿಸಿ ಕೊಡುವುದು ಮೇಜಿನ ಮೂಲೆಯಲ್ಲಿರುವ ಪುಟ್ಟ ಕಂಪ್ಯೂಟರು. ಅದರೊಳಗಿನ ಪ್ರೋಗ್ರಾಂ ಬರೆಯುವುದು, ಕೆಟ್ಟಾಗ ಹೋಗಿ ಸರಿಮಾಡುವುದು ನನ್ನ ಹೊಟ್ಟೆಪಾಡು. ಲಿನಕ್ಸ್ ಮೇಲೆ ಓಡುವ, ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದು.

ಒಬ್ಬಾಕೆ ಆರೂವರೆ ಲೀಟರ್ ಹಾಲು ಹಾಕಿದರು ಎನ್ನಿ. ಪ್ರೋಗ್ರಾಂ ಎರಡು ಕಡೆ ಬರೆಯಬೇಕು. ಆ ದಿನದ ಪಟ್ಟಿಗೆ ಒಂದು ಸಾಲು ಸೇರಬೇಕು, ಆಕೆಯ ಖಾತೆಗೆ ಹಾಲಿನ ದುಡ್ಡು ಸೇರಬೇಕು. ಎರಡೂ ಕೂಡಿ ಕೆಲವೇ ಮಿಲಿಸೆಕೆಂಡುಗಳ ಕೆಲಸ. ಆದರೆ ಪಟ್ಟಿಗೆ ಬರೆದು, ಖಾತೆಗೆ ಬರೆಯುವ ಮುಂಚೆ ಪ್ರೋಗ್ರಾಂ ಸತ್ತರೆ? ಪಟ್ಟಿಯಲ್ಲಿ ಹಾಲಿದೆ, ಖಾತೆಯಲ್ಲಿ ದುಡ್ಡಿಲ್ಲ. ಬಟವಾಡೆಯ ದಿನ ಆಕೆ ಚೀಟಿ ಹಿಡಿದು ಬರುತ್ತಾರೆ, ಕಾರ್ಯದರ್ಶಿಗೆ ಉತ್ತರ ಗೊತ್ತಿರುವುದಿಲ್ಲ. ನೂರಿನ್ನೂರು ರೂಪಾಯಿಯ ವ್ಯತ್ಯಾಸವೇ ಇರಬಹುದು. ಆದರೂ ಹಾಲು ಹಾಕುವವರಿಗೂ ಸಂಘಕ್ಕೂ ನಡುವಿನ ನಂಬಿಕೆ ನಿಂತಿರುವುದು ಆ ಖಾತೆಯ ಮೇಲೆ.

ಪ್ರೋಗ್ರಾಂ ನಡುವೆ ಸಾಯುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ತಳ ಮುಟ್ಟಿದರೆ ಕಂಪ್ಯೂಟರು ತಾನೇ ಮುಚ್ಚಿಕೊಳ್ಳಲು ಶುರುಮಾಡುತ್ತದೆ. ಮುಚ್ಚುವ ಮುಂಚೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ‘ಇನ್ನು ಹೊರಡು’ ಎಂದು ಹೇಳುತ್ತದೆ. ಹೀಗೆ ಹೇಳುವ ದಾರಿಗೆ ಯುನಿಕ್ಸ್ ಲೋಕದಲ್ಲಿ ಸಿಗ್ನಲ್ ಎನ್ನುತ್ತಾರೆ. ಓಡುತ್ತಿರುವ ಪ್ರೋಗ್ರಾಂಗೆ, ಅಂದರೆ ಪ್ರೋಸೆಸ್‌ಗೆ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಮುಟ್ಟಿಸುವ ಪುಟ್ಟ ಸುದ್ದಿ ಅದು. ಅದರಲ್ಲಿ ಪತ್ರವಿಲ್ಲ, ವಿವರವಿಲ್ಲ, ಹೆಚ್ಚುಕಡಿಮೆ ಬರೀ ಒಂದು ನಂಬರು. ಕೀಬೋರ್ಡಿನಲ್ಲಿ ಕಂಟ್ರೋಲ್ ಹಿಡಿದು ಸಿ ಒತ್ತಿದರೆ 2ನೇ ನಂಬರಿನ ಸಿಗ್‌ಇಂಟ್. ಮರ್ಯಾದೆಯಿಂದ ಮುಗಿಸು ಎಂದು ಕೇಳುವುದು 15ನೇ ನಂಬರಿನ ಸಿಗ್‌ಟರ್ಮ್. ಇಟ್ಟ ಅಲಾರಂ ಹೊಡೆದರೆ 14, ಸಿಗ್‌ಆಲರ್ಮ್. ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ 11, ಸಿಗ್‌ಸೆಗ್‌ವಿ. ಪ್ರೋಗ್ರಾಂ ಏನೂ ಸಿದ್ಧತೆ ಮಾಡಿಕೊಂಡಿರದಿದ್ದರೆ ಈ ನಾಲ್ಕರಲ್ಲಿ ಯಾವುದು ಬಂದರೂ ಅದರ ಕಥೆ ಅಲ್ಲಿಗೆ ಮುಗಿಯಿತು.

ಸಿದ್ಧತೆ ಎಂದರೆ ಹ್ಯಾಂಡ್ಲರ್. ಇಂಥ ಸಿಗ್ನಲ್ ಬಂದರೆ ಇಂಥ ಫಂಕ್ಷನ್ ಕರೆ ಎಂದು ಮೊದಲೇ ಕರ್ನಲ್‌ಗೆ ಹೇಳಿಡಬಹುದು. ಕಾಲೇಜಿನಲ್ಲಿ ಪಾಠ ಮುಗಿಯುವುದು ಬಹುತೇಕ ಇಲ್ಲಿಗೇ. ಸಿಗ್ನಲ್ ಹಿಡಿ, ಒಂದು ಸಾಲು ಪ್ರಿಂಟ್ ಮಾಡು, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿಸಿಕೋ. ಕಷ್ಟ ಶುರುವಾಗುವುದು ಆಮೇಲೆ. ಹ್ಯಾಂಡ್ಲರ್ ಯಾವಾಗ ಓಡುತ್ತದೆ ಎಂಬುದು ಪ್ರೋಗ್ರಾಂ ಕೈಯಲ್ಲಿಲ್ಲ. ಯಾವುದೇ ಎರಡು ಯಂತ್ರ ಸೂಚನೆಗಳ ನಡುವೆ ಅದು ನುಗ್ಗಬಹುದು. ಒಂದು ಕೂಡುವ ಲೆಕ್ಕ ಅರ್ಧವಾಗಿರುವಾಗ, ಮೆಮೊರಿ ಹಂಚುವ ಪಟ್ಟಿಯ ಒಂದು ಕೊಂಡಿ ಬಿಚ್ಚಿ ಇನ್ನೊಂದನ್ನು ಸಿಕ್ಕಿಸುವ ಮುಂಚೆ, ಪಟ್ಟಿಗೂ ಖಾತೆಗೂ ನಡುವೆ.

ಇದಕ್ಕೆ ಸಿ ಲೈಬ್ರರಿ ಕೊಡುವ ಮದ್ದು ಸಿಗ್ನಲ್ಲನ್ನು ಬ್ಲಾಕ್ ಮಾಡುವುದು. ಬ್ಯಾಂಕಿನಲ್ಲಿ ನೋಟಿನ ಕಂತೆ ಎಣಿಸುತ್ತಿರುವ ಕ್ಯಾಷಿಯರನ್ನು ಮಾತಾಡಿಸಿ ನೋಡಿ. ತಲೆಯೆತ್ತದೆ ಒಂದು ಕೈ ಎತ್ತಿ ‘ತಾಳಿ’ ಎನ್ನುತ್ತಾರೆ. ನೀವು ಕೇಳಿದ್ದು ಅವರಿಗೆ ಕೇಳಿಸಿದೆ, ಕಂತೆ ಮುಗಿದೊಡನೆ ನಿಮ್ಮ ಕಡೆ ತಿರುಗುತ್ತಾರೆ. ಬ್ಲಾಕ್ ಮಾಡಿದ ಸಿಗ್ನಲ್ ಕೂಡ ಹಾಗೆಯೇ ಬಾಗಿಲಲ್ಲಿ ಕಾಯುತ್ತದೆ. ಕಾಯುವ ಸ್ಥಿತಿಗೆ ಪೆಂಡಿಂಗ್ ಎಂದು ಹೆಸರು. ಸಿಗ್ನಲ್ಲನ್ನು ಇಗ್ನೋರ್ ಮಾಡುವುದು ಬೇರೆಯೇ ವ್ಯವಹಾರ. ಅಲ್ಲಿ ಬಂದ ಸುದ್ದಿಯನ್ನು ಕರ್ನಲ್ ಎಸೆದುಬಿಡುತ್ತದೆ, ಆಮೇಲೆ ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಬಿಡಿಸಿ ಹೇಳುವುದು ಈ ಎರಡರ ನಡುವಿನ ಅಂತರವನ್ನೇ. ಖಾತೆ ಬರೆಯುವಾಗ ಸಿಗ್‌ಟರ್ಮನ್ನು ಇಗ್ನೋರ್ ಮಾಡಿದರೆ ಖಾತೆಯೇನೋ ಉಳಿಯುತ್ತದೆ. ಆದರೆ ಕಂಪ್ಯೂಟರು ಹೇಳಿದ ‘ಹೊರಡು’ ಕಳೆದುಹೋಗಿ, ಬಲವಂತವಾಗಿ ಸಾಯಿಸುವವರೆಗೂ ಪ್ರೋಗ್ರಾಂ ಕೂತೇ ಇರುತ್ತದೆ.

ಬ್ಲಾಕ್ ಮಾಡಲು ಬಳಸುವ ಫಂಕ್ಷನ್ನಿನ ಹೆಸರು ಸಿಗ್‌ಪ್ರಾಕ್‌ಮಾಸ್ಕ್. ಮೊದಲು ಸಿಗ್ನಲ್‌ಗಳ ಒಂದು ಗುಂಪು ಕಟ್ಟಬೇಕು. ಸಿಗ್‌ಎಂಪ್ಟಿಸೆಟ್ ಕರೆದು ಗುಂಪನ್ನು ಖಾಲಿ ಮಾಡುವುದು, ಸಿಗ್‌ಆಡ್‌ಸೆಟ್ ಕರೆದು ಬೇಕಾದ ಸಿಗ್ನಲ್‌ಗಳನ್ನು ಒಂದೊಂದಾಗಿ ಸೇರಿಸುವುದು. ಆಮೇಲೆ ಆ ಗುಂಪನ್ನು ಸಿಗ್‌ಪ್ರಾಕ್‌ಮಾಸ್ಕ್ ಕೈಗೆ ಕೊಟ್ಟು, ಏನು ಮಾಡಬೇಕೆಂದು ಹೇಳುವುದು. ಈಗಿರುವ ಮಾಸ್ಕಿಗೆ, ಅಂದರೆ ತಡೆದಿಟ್ಟ ಸಿಗ್ನಲ್‌ಗಳ ಪಟ್ಟಿಗೆ, ಸೇರಿಸು ಎನ್ನಲು ಸಿಗ್‌ಬ್ಲಾಕ್, ಅದರಿಂದ ತೆಗೆ ಎನ್ನಲು ಸಿಗ್‌ಅನ್‌ಬ್ಲಾಕ್, ಹಳೆಯದನ್ನು ಮರೆತು ಇದನ್ನೇ ಮಾಸ್ಕ್ ಮಾಡಿಕೋ ಎನ್ನಲು ಸಿಗ್‌ಸೆಟ್‌ಮಾಸ್ಕ್. ಮೂರನೆಯ ಜಾಗದಲ್ಲಿ ಒಂದು ವಿಳಾಸ ಕೊಟ್ಟರೆ, ಬದಲಾಗುವ ಮುಂಚಿನ ಮಾಸ್ಕ್ ಹೇಗಿತ್ತು ಎಂಬುದನ್ನು ಅಲ್ಲಿ ಬರೆದುಕೊಡುತ್ತದೆ.

ಆ ಮೂರನೆಯ ಜಾಗವನ್ನು ಖಾಲಿ ಬಿಡುವವರೇ ಜಾಸ್ತಿ. ನನ್ನ ಮಟ್ಟಿಗೆ ಇಡೀ ಫಂಕ್ಷನ್ನಿನ ಮರ್ಯಾದೆ ಇರುವುದು ಅಲ್ಲಿ. ಕೆಲಸ ಮುಗಿದ ಮೇಲೆ ‘ಸಿಗ್‌ಟರ್ಮನ್ನು ಬಿಡು’ ಎಂದು ಅನ್‌ಬ್ಲಾಕ್ ಮಾಡುವುದು ಸುಲಭ. ಆದರೆ ನನ್ನ ಫಂಕ್ಷನ್ನನ್ನು ಕರೆದವರು ತಮ್ಮ ಕಾರಣಕ್ಕೆ ಸಿಗ್‌ಟರ್ಮನ್ನು ಮೊದಲೇ ತಡೆದಿಟ್ಟಿದ್ದರೆ? ಒಳಗಿನಿಂದ ನಾನು ಬಿಟ್ಟುಬಿಟ್ಟರೆ ಅವರು ಮುಚ್ಚಿದ ಬಾಗಿಲನ್ನು ನಾನು ತೆಗೆದಂತಾಯಿತು. ಆದ್ದರಿಂದ ಹಳೆಯ ಮಾಸ್ಕನ್ನು ತೆಗೆದಿಟ್ಟುಕೊಂಡು, ಕೆಲಸ ಮುಗಿದೊಡನೆ ಸಿಗ್‌ಸೆಟ್‌ಮಾಸ್ಕ್ ಹೇಳಿ ಅದನ್ನೇ ಮರಳಿ ಕೂರಿಸಬೇಕು. ತಡೆ, ಪಟ್ಟಿಗೆ ಬರೆ, ಖಾತೆಗೆ ಬರೆ, ಮೊದಲಿದ್ದಂತೆ ಬಿಡು. ನಮ್ಮ ಡೈರಿ ಪ್ರೋಗ್ರಾಂನಲ್ಲಿ ಈ ನಾಲ್ಕು ಹೆಜ್ಜೆಗಳ ನಡುವೆ ಇನ್ನೇನೂ ಇಲ್ಲ. ಪ್ರಿಂಟರಿಗಾಗಿ ಕಾಯುವುದಾಗಲಿ, ನೆಟ್‌ವರ್ಕ್ ಮಾತಾಡುವುದಾಗಲಿ ಅಲ್ಲಿ ಬರಕೂಡದು. ಬಿಟ್ಟ ಕೂಡಲೇ, ಸಿಗ್‌ಪ್ರಾಕ್‌ಮಾಸ್ಕ್ ಹಿಂದಿರುಗುವ ಮುಂಚೆಯೇ, ಕಾಯುತ್ತಿದ್ದ ಸಿಗ್ನಲ್‌ಗಳಲ್ಲಿ ಒಂದಾದರೂ ತಲುಪಿರುತ್ತದೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೊಸಿಕ್ಸ್ ಹಾಗೆಂದು ಮಾತು ಕೊಡುತ್ತದೆ.

ಇದೆಲ್ಲ ಕಣ್ಣಿಗೆ ಕಾಣುತ್ತದೆ ಕೂಡ. ಸಿಗ್‌ಇಂಟ್, ಸಿಗ್‌ಟರ್ಮ್ ಎರಡನ್ನೂ ತಡೆದು ಒಂದು ನಿಮಿಷ ಮಲಗುವ ಹತ್ತು ಸಾಲಿನ ಪ್ರೋಗ್ರಾಂ ಬರೆದು ಓಡಿಸಿ. ಇನ್ನೊಂದು ಟರ್ಮಿನಲ್ ತೆರೆದು, ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೋಸೆಸ್ಸಿನ ನಂಬರಿನ ಕೆಳಗಿರುವ ಸ್ಟೇಟಸ್ ಫೈಲು ಓದಿ. ಬ್ಲಾಕ್ ಆಗಿರುವುದನ್ನು ತೋರಿಸುವ ಸಾಲಿನಲ್ಲಿ 0000000000004002 ಎಂದಿರುತ್ತದೆ. ಇದು ಹದಿನಾರರ ಲೆಕ್ಕದ ಸಂಖ್ಯೆ. ಪ್ರತಿ ಸಿಗ್ನಲ್‌ಗೂ ಒಂದೊಂದು ಬಿಟ್, ಬಲಗಡೆಯಿಂದ ಎಣಿಸಿಕೊಂಡು ಹೋಗಬೇಕು. ಕೊನೆಯ 2 ಎಂದರೆ ಎರಡನೇ ಬಿಟ್, ಸಿಗ್‌ಇಂಟ್. ಆ 4000 ಎಂದರೆ ಹದಿನೈದನೇ ಬಿಟ್, ಸಿಗ್‌ಟರ್ಮ್. ಈಗ ಕಿಲ್ ಕಮಾಂಡ್ ಕೊಟ್ಟು ಒಂದು ಸಿಗ್‌ಟರ್ಮ್ ಕಳಿಸಿ, ಮತ್ತೆ ಓದಿ. ಪ್ರೋಗ್ರಾಂ ಅಲುಗಿರುವುದಿಲ್ಲ, ಆದರೆ ಇಡೀ ಪ್ರೋಸೆಸ್ಸಿಗೆ ಪೆಂಡಿಂಗ್ ಇರುವುದನ್ನು ತೋರಿಸುವ ಸಾಲು ಸೊನ್ನೆಗಳಿಂದ 0000000000004000ಕ್ಕೆ ತಿರುಗಿರುತ್ತದೆ. ಬಾಗಿಲಲ್ಲಿ ಕಾಯುವವರು ಅಲ್ಲಿ ನಿಂತಿದ್ದಾರೆ.

ಇನ್ನೊಂದು ಹತ್ತು ಸಲ ಸಿಗ್‌ಟರ್ಮ್ ಕಳಿಸಿ ನೋಡಿ. ಸಾಲು ಹಾಗೆಯೇ ಇರುತ್ತದೆ, 4000. ಒಂದು ಬಿಟ್ ಆನ್ ಆಗಬಹುದು, ಆಫ್ ಆಗಬಹುದು, ಎಷ್ಟು ಸಲ ಎಂದು ನೆನಪಿಟ್ಟುಕೊಳ್ಳಲು ಅದರಲ್ಲಿ ಜಾಗವಿಲ್ಲ. ಬಿಟ್ಟಾಗ ಬರುವುದು ಒಂದೇ ಸಿಗ್ನಲ್. ಲಿನಕ್ಸಿನಲ್ಲಿ ಮೊದಲ 31 ನಂಬರುಗಳು ಈ ಹಳೆಯ ಜಾತಿಯವು. ಅದರಾಚೆಗಿನ ರಿಯಲ್ ಟೈಮ್ ಸಿಗ್ನಲ್‌ಗಳು ಮಾತ್ರ ಸಾಲಾಗಿ ನಿಂತು ಒಂದೊಂದಾಗಿ ಬರುತ್ತವೆ. ಈ ವಿಷಯ ತಿಳಿಯದೆ ಎಡವುವುದು ಮಕ್ಕಳ ಲೆಕ್ಕದಲ್ಲಿ. ಒಂದು ಪ್ರೋಸೆಸ್ ಹುಟ್ಟಿಸಿದ ಇನ್ನೊಂದು ಪ್ರೋಸೆಸ್ ಮುಗಿದಾಗ ಅಪ್ಪನಿಗೆ ಸಿಗ್‌ಚೈಲ್ಡ್ ಬರುತ್ತದೆ. ಅದನ್ನು ತಡೆದಿಟ್ಟ ಹೊತ್ತಿನಲ್ಲಿ ಮೂರು ಮಕ್ಕಳು ಮುಗಿದರೂ ಬರುವುದು ಒಂದೇ ಸುದ್ದಿ. ಹಾಗಾಗಿ ಸಿಗ್‌ಚೈಲ್ಡ್ ಬಂದಾಗ ಒಂದು ಮಗುವಿನ ಲೆಕ್ಕ ಮುಗಿಸಿ ಸುಮ್ಮನಾಗುವಂತಿಲ್ಲ, ಇನ್ನು ಯಾರೂ ಇಲ್ಲ ಎನ್ನುವವರೆಗೆ ಕೇಳುತ್ತಲೇ ಇರಬೇಕು.

ಈ ಅಚ್ಚುಕಟ್ಟು ಮೊದಲಿನಿಂದ ಇದ್ದದ್ದಲ್ಲ. ಯುನಿಕ್ಸ್ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಜೊತೆಗಾರರ ಕೈಯಲ್ಲಿ, 1969ರ ಹೊತ್ತಿಗೆ. ಸಿಗ್ನಲ್ ಎಂಬುದು ಅದರ ಎಳೆಯ ದಿನಗಳಿಂದಲೂ ಇದೆ. ಆದರೆ 1979ರಲ್ಲಿ ಹೊರಬಂದ ಏಳನೇ ಆವೃತ್ತಿಯಲ್ಲೂ ಸಿಗ್ನಲ್ ತಡೆದಿಡುವ ದಾರಿ ಇರಲಿಲ್ಲ. ಹ್ಯಾಂಡ್ಲರ್ ಬಾಳುತ್ತಿದ್ದುದು ಒಂದೇ ಸಲಕ್ಕೆ. ಸಿಗ್ನಲ್ ಬಂದು ಹ್ಯಾಂಡ್ಲರ್ ಶುರುವಾದ ಕೂಡಲೇ ಕರ್ನಲ್ ಆ ಏರ್ಪಾಡನ್ನು ಅಳಿಸಿ, ‘ಬಂದರೆ ಸಾಯಿಸು’ ಎಂಬ ಮೂಲ ಸ್ಥಿತಿಗೆ ತರುತ್ತಿತ್ತು. ಅದಕ್ಕೇ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ತನ್ನನ್ನು ಮತ್ತೆ ನೋಂದಾಯಿಸಿಕೊಳ್ಳುವುದು ಆಗಿನವರ ರೂಢಿ. ಆ ಮೊದಲ ಸಾಲು ಓಡುವಷ್ಟರಲ್ಲಿ ಇನ್ನೊಂದು ಸಿಗ್ನಲ್ ಬಂದರೆ ಪ್ರೋಗ್ರಾಂ ಸತ್ತಿತು. ಕಂಟ್ರೋಲ್ ಸಿ ಅನ್ನು ಬೇಗ ಬೇಗ ಎರಡು ಸಲ ಒತ್ತಿದರೆ, ಎಷ್ಟೇ ಎಚ್ಚರದಿಂದ ಬರೆದ ಪ್ರೋಗ್ರಾಂ ಆದರೂ ಉಳಿಯುವ ಭರವಸೆ ಇರಲಿಲ್ಲ.

ಅದನ್ನು ನೆಟ್ಟಗೆ ಮಾಡಿದ ಶ್ರೇಯಸ್ಸು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರಿಗೆ ಸಲ್ಲಬೇಕು. 1983ರ ತಮ್ಮ ಯುನಿಕ್ಸ್ ಆವೃತ್ತಿಯಾದ 4.2 ಬಿಎಸ್‌ಡಿಯಲ್ಲಿ ಅವರು ಪ್ರತಿ ಪ್ರೋಸೆಸ್‌ಗೂ ಒಂದು ಮಾಸ್ಕ್ ಕೊಟ್ಟರು. ಹ್ಯಾಂಡ್ಲರ್ ಓಡುತ್ತಿರುವಷ್ಟು ಹೊತ್ತು ಅದೇ ಸಿಗ್ನಲ್ ತಾನಾಗಿ ಬ್ಲಾಕ್ ಆಗಿರುವಂತೆ ಮಾಡಿದರು. ಹ್ಯಾಂಡ್ಲರನ್ನು ಮತ್ತೆ ಮತ್ತೆ ನೋಂದಾಯಿಸುವ ಪಾಡು ತಪ್ಪಿತು. ಅವರ ಮಾಸ್ಕ್ ಒಂದು ಸಾಮಾನ್ಯ ಪೂರ್ಣಾಂಕ, ಅದರೊಳಗಿನ 32 ಬಿಟ್‌ಗಳಲ್ಲಿ ಎಲ್ಲ ಸಿಗ್ನಲ್‌ಗಳೂ ಹಿಡಿಯಬೇಕಿತ್ತು. ಅತ್ತ ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಇದೇ ಕೆಲಸಕ್ಕೆ ಬೇರೆ ಹೆಸರಿನ ಬೇರೆ ಫಂಕ್ಷನ್‌ಗಳನ್ನು ತಂದಿತು. ಒಂದೇ ಪ್ರೋಗ್ರಾಂ ಎರಡೂ ಕಡೆ ಓಡಬೇಕೆಂದರೆ ಎರಡು ಬಗೆಯಲ್ಲಿ ಬರೆಯಬೇಕಿತ್ತು. 1988ರ ಪೊಸಿಕ್ಸ್ ಮಾನದಂಡ ಬಂದು ಜಗಳ ಬಿಡಿಸಿತು. ಬರ್ಕ್ಲಿಯವರ ನಡವಳಿಕೆಯನ್ನು ಉಳಿಸಿಕೊಂಡು, ಪೂರ್ಣಾಂಕದ ಜಾಗದಲ್ಲಿ ಒಳಗೇನಿದೆ ಎಂದು ಕೇಳಬಾರದ ಒಂದು ಹೊಸ ಬಗೆಯ ಪೆಟ್ಟಿಗೆಯನ್ನು ಇಟ್ಟಿತು. ಗುಂಪು ಕಟ್ಟಲು ಅಷ್ಟೊಂದು ಪುಟ್ಟ ಫಂಕ್ಷನ್‌ಗಳು ಯಾಕೆ ಎಂದು ಗೊಣಗುವವರಿಗೆ ಇದೇ ಉತ್ತರ. ಇಂದು ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ 64 ಬಿಟ್‌ಗಳನ್ನು ಬಳಸುತ್ತದೆ. ನಾವೆಲ್ಲ ಬಳಸುವ ಗ್ನೂ ಸಿ ಲೈಬ್ರರಿ, ಅಂದರೆ ಗ್ಲಿಬ್‌ಸಿ, ಆ ಪೆಟ್ಟಿಗೆಯಲ್ಲಿ 1024 ಬಿಟ್‌ಗಳಿಗೆ ಜಾಗ ಇಟ್ಟಿದೆ. ಮುಂದೆ ಸಿಗ್ನಲ್‌ಗಳು ಹೆಚ್ಚಿದರೂ ಹಳೆಯ ಪ್ರೋಗ್ರಾಂಗಳನ್ನು ಮುಟ್ಟಬೇಕಾಗಿಲ್ಲ.

ಬರ್ಕ್ಲಿಯವರೂ ಪೊಸಿಕ್ಸ್‌ನವರೂ ಮುಂದಾಲೋಚನೆಯಿಂದ ಕೊಟ್ಟ ಇನ್ನೊಂದು ಫಂಕ್ಷನ್ ಇದೆ. ಪೊಸಿಕ್ಸಿನಲ್ಲಿ ಅದರ ಹೆಸರು ಸಿಗ್‌ಸಸ್ಪೆಂಡ್. ಡೈರಿ ಪ್ರೋಗ್ರಾಂ ಚೀಟಿ ಮುದ್ರಿಸಲು ಒಂದು ಮಗು ಪ್ರೋಸೆಸ್ ಹುಟ್ಟಿಸುತ್ತದೆ, ಅದು ಮುಗಿಯುವವರೆಗೆ ಕಾಯಬೇಕು ಎನ್ನಿ. ಸಿಗ್‌ಚೈಲ್ಡನ್ನು ತಡೆದು, ಮುಗಿದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅನ್‌ಬ್ಲಾಕ್ ಮಾಡಿ, ಪಾಜ್ ಎಂಬ ಫಂಕ್ಷನ್ ಕರೆದು ಮಲಗುವುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ಓದಲು ಚೆನ್ನಾಗಿಯೇ ಇದೆ. ಆದರೆ ಅನ್‌ಬ್ಲಾಕ್‌ಗೂ ಪಾಜ್‌ಗೂ ನಡುವೆ ಕೂದಲೆಳೆಯಷ್ಟು ಸಂದು. ಸಿಗ್ನಲ್ ಆ ಸಂದಿನಲ್ಲಿ ಬಂದು ಹೋದರೆ ಹ್ಯಾಂಡ್ಲರ್ ಓಡಿ ಮುಗಿದಿರುತ್ತದೆ, ಆಮೇಲೆ ಪ್ರೋಗ್ರಾಂ ಮಲಗುತ್ತದೆ, ಎಬ್ಬಿಸಲು ಇನ್ನು ಯಾರೂ ಬರುವುದಿಲ್ಲ. ಚೀಟಿ ಮುದ್ರಣವಾಗಿದೆ, ಪರದೆ ಮಾತ್ರ ಹಾಗೇ ನಿಂತಿದೆ. ಈ ಬಗೆಯ ದೋಷ ನೂರು ಸಲ ಪರೀಕ್ಷಿಸಿದರೂ ಕಾಣದೆ, ಹಬ್ಬದ ಹಿಂದಿನ ದಿನ ಸಾಲು ಉದ್ದವಿರುವಾಗ ಕಾಣಿಸಿಕೊಳ್ಳುತ್ತದೆ. ಸಿಗ್‌ಸಸ್ಪೆಂಡ್ ಮಾಸ್ಕ್ ಬದಲಿಸುವುದನ್ನೂ ಮಲಗುವುದನ್ನೂ ನಡುವೆ ಸಂದಿಲ್ಲದಂತೆ ಒಂದೇ ಕರೆಯಲ್ಲಿ ಮಾಡುತ್ತದೆ, ಎದ್ದಾಗ ಹಳೆಯ ಮಾಸ್ಕನ್ನು ತಾನೇ ಮರಳಿಸುತ್ತದೆ. ನೆಟ್‌ವರ್ಕ್ ಪ್ರೋಗ್ರಾಂಗಳಿಗೆ ಇದೇ ಉಪಕಾರ ಮಾಡುವ ಪಿಸೆಲೆಕ್ಟ್ ಎಂಬುದು ಲಿನಕ್ಸ್ ಕರ್ನಲ್ಲಿನೊಳಗೆ ಬಂದದ್ದು 2006ರಲ್ಲಿ, 2.6.16ನೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಗ್ಲಿಬ್‌ಸಿ ಅದನ್ನು ಹೊರಗಿನಿಂದ ಅನುಕರಿಸುತ್ತಿತ್ತು, ಸಂದು ಹಾಗೇ ಉಳಿದಿತ್ತು. ಕರ್ನಲ್ ಕೈಜೋಡಿಸದೆ ಆ ಸಂದನ್ನು ಮುಚ್ಚಲು ಬರುವುದಿಲ್ಲ.

ತಡೆದದ್ದನ್ನು ಮರಳಿ ಬಿಡುವುದು ಮರೆತರೆ ಏನಾಗುತ್ತದೆ ಎಂಬುದನ್ನು ನನಗೆ ತೋರಿಸಿದ್ದು ನಾಗಮಂಗಲದ ಕಡೆಯ ಒಂದು ಸಂಘದಿಂದ ಬಂದ ಫೋನು. ಅಲ್ಲಿ ನಮ್ಮ ಪ್ರೋಗ್ರಾಂ ಜೊತೆಗೆ, ಬೇರೊಂದು ಕಡೆಯಿಂದ ಕೊಂಡ ಬ್ಯಾಕಪ್ ಪ್ರೋಗ್ರಾಂ ಕೂಡ ಓಡುತ್ತಿತ್ತು. ಹಾಲು ಅಳೆಯುವ ಹುಡುಗ ರಾತ್ರಿ ಫೋನ್ ಮಾಡಿ ಹೇಳಿದ: “ಅಕ್ಕಾ, ಆಫ್ ಮಾಡುದ್ರೆ ಆಯ್ತಾನೇ ಇಲ್ಲ ಕಣಕ್ಕಾ. ತೊಂಬತ್ತು ಸೆಕೆಂಡು ಅಂತ ಎಣುಸ್ಕೊಂಡು ಕೂತದೆ. ದಿನಾ ಇದೇ ಗೋಳು.” ಲಿನಕ್ಸ್ ಕಂಪ್ಯೂಟರು ಮುಚ್ಚುವಾಗ ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕ ಎಲ್ಲರಿಗೂ ಸಿಗ್‌ಟರ್ಮ್ ಕಳಿಸಿ, ಹೋಗದವರಿಗಾಗಿ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ. ಆಮೇಲೆ ಬಲವಂತವಾಗಿ ಮುಗಿಸುವ ಸಿಗ್‌ಕಿಲ್. ಯಾರೋ ಹೋಗಲು ಒಪ್ಪುತ್ತಿಲ್ಲ ಎಂದಾಯಿತು.

ಮರುದಿನ ಹೋಗಿ ಸ್ಟೇಟಸ್ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಬ್ಯಾಕಪ್ ನಕಲು ಮಾಡುವ ಪುಟ್ಟ ಪ್ರೋಸೆಸ್ಸಿನ ಬ್ಲಾಕ್ ಸಾಲಿನಲ್ಲಿ 4000 ಕೂತಿತ್ತು. ವಿಚಿತ್ರವೆಂದರೆ ಅದು ಎಲ್ಲರೂ ಬಳಸುವ ಒಂದು ಸಾಮಾನ್ಯ ನಕಲು ಪ್ರೋಗ್ರಾಂ, ಅದರಲ್ಲಿ ಸಿಗ್‌ಟರ್ಮನ್ನು ತಡೆಯುವ ಒಂದು ಸಾಲೂ ಇಲ್ಲ. ತಡೆದಿದ್ದು ಅದರ ಅಪ್ಪ. ತನ್ನ ಸೂಕ್ಷ್ಮ ಕೆಲಸದ ನಡುವೆ ಸಿಗ್ನಲ್ ತಡೆದುಕೊಂಡು, ಬಿಡುವ ಮುಂಚೆಯೇ ಮಗುವನ್ನು ಹುಟ್ಟಿಸಿತ್ತು. ಪ್ರೋಸೆಸ್ ಹುಟ್ಟುವಾಗ ಅಪ್ಪನ ಮಾಸ್ಕ್ ಮಗುವಿಗೆ ಬರುತ್ತದೆ. ಆ ಮಗು ಎಕ್ಸೆಕ್ ಕರೆದು ಬೇರೆಯೇ ಪ್ರೋಗ್ರಾಂ ಆಗಿ ಬದಲಾದರೆ ಹ್ಯಾಂಡ್ಲರ್‌ಗಳೆಲ್ಲ ಅಳಿಸಿಹೋಗುತ್ತವೆ, ಮಾಸ್ಕ್ ಮಾತ್ರ ಅಳಿಯುವುದಿಲ್ಲ. ಹೆಸರು ಬದಲಾಗಿ, ಕೋಡ್ ಬದಲಾಗಿ, ಮೈಯೆಲ್ಲ ಬದಲಾದರೂ ಆ ಒಂದು ಬಿಟ್ ಉಳಿಯುತ್ತದೆ. ಮಗುವನ್ನು ಹುಟ್ಟಿಸಿದ ಮೇಲೆ, ಎಕ್ಸೆಕ್ ಮುಂಚೆ, ಹಳೆಯ ಮಾಸ್ಕನ್ನು ಮರಳಿಸುವ ಒಂದು ಸಾಲು ಸೇರಿಸಿ ಎಂದು ಮಾರಿದವರಿಗೆ ಬರೆದೆ. ಅವರು ಸೇರಿಸಿದರು, ತೊಂಬತ್ತು ಸೆಕೆಂಡಿನ ಗೋಳು ನಿಂತಿತು. ಸಿ ಲೈಬ್ರರಿಯೂ ತನ್ನೊಳಗೆ ಇಂಥದ್ದೇ ಎಚ್ಚರ ವಹಿಸುತ್ತದೆ. ಸಿಸ್ಟಮ್ ಎಂಬ ಫಂಕ್ಷನ್ ಕರೆದು ಒಂದು ಕಮಾಂಡ್ ಓಡಿಸಿದರೆ, ಅದು ಮುಗಿಯುವವರೆಗೆ ಅಪ್ಪನಲ್ಲಿ ಸಿಗ್‌ಚೈಲ್ಡನ್ನು ತಡೆದಿಡುತ್ತದೆ. ಮಗುವಿನಲ್ಲಿ ಮಾತ್ರ ಎಲ್ಲವನ್ನೂ ಮೊದಲಿನಂತೆ ಕೂರಿಸಿಯೇ ಕಮಾಂಡನ್ನು ಶುರುಮಾಡುತ್ತದೆ.

ಇಂಥ ಪ್ರೋಗ್ರಾಂ ಸಿಕ್ಕಾಗ ಜನ ಮಾಡುವುದು ಕಿಲ್ ಮುಂದೆ ಮೈನಸ್ 9 ಹಾಕುವುದು. 9 ಎಂದರೆ ಸಿಗ್‌ಕಿಲ್. ಅದನ್ನೂ, ನಿಲ್ಲಿಸುವ ಸಿಗ್‌ಸ್ಟಾಪನ್ನೂ ತಡೆಯಲಾಗದು, ಹಿಡಿಯಲಾಗದು, ಇಗ್ನೋರ್ ಮಾಡಲಾಗದು. ಗುಂಪಿನಲ್ಲಿ ಸೇರಿಸಿ ಸಿಗ್‌ಪ್ರಾಕ್‌ಮಾಸ್ಕ್ ಕೈಗೆ ಕೊಟ್ಟರೂ ಅದು ತಪ್ಪೆಂದು ಹೇಳದೆ, ಅವೆರಡನ್ನು ಸುಮ್ಮನೆ ಪಕ್ಕಕ್ಕಿಟ್ಟು ಉಳಿದದ್ದನ್ನು ತಡೆಯುತ್ತದೆ. ಅದು ಸರಿಯಾದ ವ್ಯವಸ್ಥೆ, ಯಂತ್ರದ ಒಡೆಯನಿಗೆ ಕೊನೆಯ ಅಧಿಕಾರ ಇರಲೇಬೇಕು. ಆದರೆ ಮೊದಲ ಏಟಿಗೇ 9 ಕಳಿಸುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ಖಾತೆ ಅರ್ಧ ಬರೆದಿರುವ ಪ್ರೋಗ್ರಾಂಗೆ 15 ಕಳಿಸಿದರೆ ಮುಗಿಸಿ ಹೋಗುತ್ತದೆ, 9 ಕಳಿಸಿದರೆ ಅರ್ಧದಲ್ಲೇ ಹೋಗುತ್ತದೆ. ಬ್ಯಾಟರಿಯೂ ಕೈಕೊಟ್ಟು ಯಂತ್ರ ಒಮ್ಮೆಲೇ ಕತ್ತಲಾದರೂ ಅಷ್ಟೇ, ಯಾವ ಮಾಸ್ಕೂ ಕರೆಂಟನ್ನು ತಡೆಯಲಾರದು. ಆದ್ದರಿಂದ ನಮ್ಮಲ್ಲಿ ಖಾತೆಯನ್ನು ಹೊಸ ಫೈಲಿಗೆ ಪೂರ್ತಿ ಬರೆದು, ಡಿಸ್ಕಿಗೆ ತಲುಪಿತೆಂದು ಖಾತರಿ ಮಾಡಿಕೊಂಡು, ಆಮೇಲೆ ಹಳೆಯದರ ಹೆಸರನ್ನು ಇದಕ್ಕೆ ಕೊಡುತ್ತೇವೆ. ಶುರುವಾಗುವಾಗ ಪಟ್ಟಿಗೂ ಖಾತೆಗೂ ತಾಳೆ ನೋಡುತ್ತೇವೆ.

ಇಷ್ಟು ಸಣ್ಣ ಸಂದಿಗೆ ಇಷ್ಟು ಎಚ್ಚರ ಬೇಕೆ ಎಂದು ಕೇಳುವವರಿಗೆ ನಾನು ಓಪನ್‌ಎಸ್‌ಎಸ್‌ಎಚ್ ಕಥೆ ಹೇಳುತ್ತೇನೆ. ದೂರದ ಸರ್ವರಿಗೆ ಲಾಗಿನ್ ಆಗಲು ಜಗತ್ತೆಲ್ಲ ನೆಚ್ಚಿರುವ ಪ್ರೋಗ್ರಾಂ ಅದು. ಬಾಗಿಲು ತಟ್ಟಿದವರು ಸಾಮಾನ್ಯವಾಗಿ 120 ಸೆಕೆಂಡಿನೊಳಗೆ ತಮ್ಮ ಗುರುತು ತೋರಿಸದಿದ್ದರೆ ಸಿಗ್‌ಆಲರ್ಮ್ ಬಂದು, ಅದರ ಹ್ಯಾಂಡ್ಲರ್ ಸಂಪರ್ಕ ಕಡಿಯುತ್ತದೆ. ಕಡಿಯುವ ಮುಂಚೆ ಆ ಹ್ಯಾಂಡ್ಲರ್ ಸಿಸ್‌ಲಾಗ್ ಎಂಬ ಫಂಕ್ಷನ್ ಕರೆದು ದಾಖಲೆ ಬರೆಯುತ್ತಿತ್ತು. ಗ್ಲಿಬ್‌ಸಿಯ ಸಿಸ್‌ಲಾಗ್ ಒಳಗೊಳಗೇ ಮೆಮೊರಿ ಕೇಳುತ್ತದೆ, ಅಂದರೆ ಮ್ಯಾಲಾಕ್ ಕರೆಯುತ್ತದೆ. ಅದೇ ಗಳಿಗೆಯಲ್ಲಿ ಮುಖ್ಯ ಪ್ರೋಗ್ರಾಂ ಕೂಡ ಮ್ಯಾಲಾಕ್ ಒಳಗೇ ಇದ್ದು, ಪಟ್ಟಿಯ ಕೊಂಡಿ ಬಿಚ್ಚಿ ಹಿಡಿದಿದ್ದರೆ ಮೆಮೊರಿಯ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಕಲಸಿದ್ದನ್ನು ಬೇಕಾದ ಹಾಗೆ ಕಲಸಲು ಬಲ್ಲವನಿದ್ದರೆ, ಪಾಸ್‌ವರ್ಡ್ ಇಲ್ಲದೆ ಯಂತ್ರದ ಪೂರ್ತಿ ಒಡೆತನ ಅವನದಾಗುತ್ತದೆ.

ಇಂಥ ದೋಷವನ್ನು ಮಾರ್ಕ್ ಡೌಡ್ ಎಂಬ ಸಂಶೋಧಕ 2006ರಲ್ಲೇ ತೋರಿಸಿದ್ದರು, ಸರಿಪಡಿಸಿಯೂ ಆಗಿತ್ತು. 2020ರ ಅಕ್ಟೋಬರಿನಲ್ಲಿ ಕೋಡ್ ಸ್ವಚ್ಛ ಮಾಡುವಾಗ, ಹ್ಯಾಂಡ್ಲರ್ ಒಳಗೆ ದಾಖಲೆ ಬರೆಯದಂತೆ ತಡೆಯುತ್ತಿದ್ದ ಸಾಲು ಬಿದ್ದುಹೋಯಿತು. 2021ರಲ್ಲಿ ಬಂದ 8.5ನೇ ಆವೃತ್ತಿಯ ಜೊತೆ ಹಳೆಯ ದೋಷ ಮತ್ತೆ ಊರೂರು ಸೇರಿತು. ಕ್ವಾಲಿಸ್ ಸಂಸ್ಥೆಯವರು ಅದನ್ನು ಬಯಲು ಮಾಡಿದ್ದು 2024ರ ಜುಲೈ 1ರಂದು. ಅವರ ಪ್ರಯೋಗದಲ್ಲಿ ಆ ಸಂದಿಗೆ ಸರಿಯಾಗಿ ಗುರಿ ಇಡಲು ಸರಾಸರಿ 10,000 ಪ್ರಯತ್ನ ಬೇಕಾಯಿತು. 32 ಬಿಟ್ ಯಂತ್ರದ ಮೇಲೆ ಆರರಿಂದ ಎಂಟು ಗಂಟೆಗಳಲ್ಲಿ ಬಾಗಿಲು ತೆರೆಯಿತು. ಸಂದು ಎಷ್ಟು ಕಿರಿದಾದರೂ, ಬಿಡದೆ ತಟ್ಟುವವನಿಗೆ ಒಂದು ರಾತ್ರಿ ಸಾಕು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರಿಗೆ ಮಾತ್ರ ಈ ತೊಂದರೆ ತಟ್ಟಲಿಲ್ಲ. ಹ್ಯಾಂಡ್ಲರ್ ಒಳಗೆ ಕರೆದರೂ ಕೆಡದ ಬೇರೊಂದು ಸಿಸ್‌ಲಾಗನ್ನು ಅದನ್ನು ಕಟ್ಟಿದವರು 2001ರಲ್ಲೇ ಮಾಡಿಟ್ಟುಕೊಂಡಿದ್ದರು. ಓಪನ್‌ಎಸ್‌ಎಸ್‌ಎಚ್‌ನ 9.8ನೇ ಆವೃತ್ತಿಯಲ್ಲಿ ಹ್ಯಾಂಡ್ಲರಿಗೆ ಉಳಿದದ್ದು ಹೊರಟುಹೋಗುವ ಕೆಲಸ ಮಾತ್ರ. ಯಾಕೆ ಹೋಯಿತೆಂಬ ದಾಖಲೆಯನ್ನು ಅಪ್ಪ ಪ್ರೋಸೆಸ್ ನಿಧಾನವಾಗಿ ಬರೆಯುತ್ತದೆ.

ಆದ್ದರಿಂದಲೇ ನಾನು ಹ್ಯಾಂಡ್ಲರನ್ನು ನೆಚ್ಚುವುದು ಆದಷ್ಟು ಕಡಿಮೆ. ಬೇಕೇ ಬೇಕಾದರೆ ಒಂದು ಬಾವುಟ ಎತ್ತಿ ಹಿಂದಿರುಗುವಷ್ಟು ಮಾತ್ರ. ಹೊಸದಾಗಿ ಬರೆಯುವಾಗ ನಮಗೆ ಬೇಕಾದ ಸಿಗ್ನಲ್‌ಗಳನ್ನೆಲ್ಲ ಶುರುವಿನಲ್ಲೇ ತಡೆದು, ಅವು ಬಂದಾಗ ನಾವೇ ಹೋಗಿ ಕೇಳಿಕೊಳ್ಳುವುದು ಒಳ್ಳೆಯದು. ಸಿಗ್‌ವೇಟ್ ಇದಕ್ಕೆಂದೇ ಇದೆ. ಲಿನಕ್ಸಿನಲ್ಲಿ 2007ರಿಂದ ಸಿಗ್ನಲ್‌ಎಫ್‌ಡಿ ಇದೆ, ಕಾಯುತ್ತಿರುವ ಸಿಗ್ನಲ್ಲನ್ನು ಫೈಲು ಓದಿದಂತೆ ಓದಬಹುದು. ತೂಕದ ಯಂತ್ರದ ಮಾತು, ಫ್ಯಾಟ್ ಯಂತ್ರದ ಮಾತು, ‘ಹೊರಡು’ ಎಂಬ ಮಾತು, ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದಾದ ಮೇಲೊಂದರಂತೆ ಕೇಳುವ ಅನುಕೂಲ ಇದರಿಂದ ಸಿಗುತ್ತದೆ. ಒಂದೇ ಪ್ರೋಸೆಸ್ಸಿನೊಳಗೆ ಹಲವು ಥ್ರೆಡ್ ಇದ್ದರೆ ಸಿಗ್‌ಪ್ರಾಕ್‌ಮಾಸ್ಕ್ ಏನು ಮಾಡಬೇಕೆಂದು ಪೊಸಿಕ್ಸ್ ಹೇಳಿಲ್ಲ. ಅಲ್ಲಿ ಪಿಥ್ರೆಡ್ ಸಿಗ್‌ಮಾಸ್ಕ್ ಬಳಸಬೇಕು. ಪ್ರತಿ ಥ್ರೆಡ್ಡಿಗೂ ತನ್ನದೇ ಮಾಸ್ಕ್ ಇರುತ್ತದೆ, ಹುಟ್ಟಿಸಿದ ಥ್ರೆಡ್ಡಿನಿಂದ ಅದು ಬರುತ್ತದೆ. ಮುಖ್ಯ ಥ್ರೆಡ್ ಮೊದಲು ತಡೆದು ಆಮೇಲೆ ಉಳಿದವನ್ನು ಹುಟ್ಟಿಸಿದರೆ ಎಲ್ಲವೂ ತಡೆದುಕೊಂಡೇ ಹುಟ್ಟುತ್ತವೆ. ಸಿಗ್ನಲ್ ಕೇಳುವ ಕೆಲಸ ಒಂದೇ ಥ್ರೆಡ್ಡಿನ ಪಾಲಿಗೆ ಬರುತ್ತದೆ.

ಲಿನಕ್ಸ್ ಇರುವ ಯಾವ ಯಂತ್ರವಾದರೂ ಸರಿ, ಒಂದು ಟರ್ಮಿನಲ್ ತೆರೆದು ಅದರ ಬ್ಯಾಶ್ ಶೆಲ್ಲಿನದೇ ಸ್ಟೇಟಸ್ ಫೈಲನ್ನು ಕ್ಯಾಟ್ ಕಮಾಂಡ್ ಕೊಟ್ಟು ಓದಿ ನೋಡಿ. ಬ್ಲಾಕ್ ಸಾಲಿನಲ್ಲಿ ಸಾಮಾನ್ಯವಾಗಿ 0000000000010000 ಸಿಗುತ್ತದೆ. ಅದು ಹದಿನೇಳನೇ ಬಿಟ್, ಸಿಗ್‌ಚೈಲ್ಡ್. ತಾನು ಓಡಿಸಿದ ಕಮಾಂಡುಗಳ ಪಟ್ಟಿ ಕೆಡದಿರಲೆಂದು ಬ್ಯಾಶ್ ಅದನ್ನು ಆ ಗಳಿಗೆಯಲ್ಲಿ ತಡೆದು ಹಿಡಿದಿದೆ. ಅದರ ಕೆಳಗಿನ ಇಗ್ನೋರ್ ಸಾಲಿನಲ್ಲಿ 0000000000384004 ಇರುತ್ತದೆ. ಬಿಡಿಸಿದರೆ 3, 15, 20, 21, 22. ಹದಿನೈದು ಅಲ್ಲಿದೆ ನೋಡಿ. ನೀವು ಕೂತು ಕೆಲಸ ಮಾಡುತ್ತಿರುವ ಶೆಲ್ಲಿಗೆ ಬರೀ ಕಿಲ್ ಕೊಟ್ಟರೆ ಅದು ಜಪ್ಪಯ್ಯ ಎಂದರೂ ಅಲುಗದಿರುವುದು ಅದಕ್ಕೇ. ಅದಕ್ಕೆ ಸಿಗ್‌ಹಪ್ ಕಳಿಸಿ, 1ನೇ ನಂಬರು. ಬ್ಯಾಶ್ ತನ್ನ ಹಿಸ್ಟರಿಯನ್ನು ಬರೆದಿಟ್ಟು, ತಾನು ಶುರುಮಾಡಿದ ಕೆಲಸಗಳಿಗೂ ಸುದ್ದಿ ಮುಟ್ಟಿಸಿ ಹೊರಡುತ್ತದೆ.